ಬಂದೂಕಿಗೆ ಹೆಂಡತಿಯ ಒಪ್ಪಿಗೆ

"ಸುಜಾ, ಪೊಲೀಸಿನವರು ನಿನಗೆ ಫೋನ್ ಮಾಡ್ತಾರೆ."

ಟ್ರಿನಿಡಾಡಿನಿಂದ ಬೋಪಣ್ಣ ಸ್ಕೈಪಿನಲ್ಲಿ ಈ ಮಾತು ಹೇಳಿದಾಗ ಕೆನಡಾದ ಮೆಡೋವೇಲಿನ ಟೌನ್‌ಹೌಸಿನ ಅಡುಗೆಮನೆಯಲ್ಲಿ ಮನೆಯವರೆಲ್ಲ ಇದ್ದರು. ಸುಜಾತಾ ಒಲೆಯ ಮುಂದೆ ನಿಂತು ಜೋಳದ ರೊಟ್ಟಿ ಬೇಯಿಸುತ್ತಿದ್ದಳು. ಬೇಸಿಗೆ ಕಳೆಯಲು ಧಾರವಾಡದಿಂದ ಬಂದಿದ್ದ ಅವಳ ಅಪ್ಪ ಚನ್ನಬಸಯ್ಯ ಮೊರದಲ್ಲಿ ಹುರಿದ ಶೇಂಗಾ ಹಾಕಿಕೊಂಡು ಸಿಪ್ಪೆ ಊದುತ್ತಿದ್ದರು. ಅತ್ತೆ ಅಕ್ಕಮ್ಮ ಕಾಫಿ ಸೋಸುತ್ತಿದ್ದರು. ಹೈಸ್ಕೂಲು ಓದುವ ಮಗಳು ದಿಶಾ ಅಪ್ಪನ ಮುಖ ಎಲ್ಲರಿಗೂ ಕಾಣಲೆಂದು ಲ್ಯಾಪ್‌ಟಾಪನ್ನು ಹಣ್ಣಿನ ಬುಟ್ಟಿಗೆ ಒರಗಿಸಿದ್ದಳು.

ಪೊಲೀಸ್ ಎಂದ ಕೂಡಲೇ ಚನ್ನಬಸಯ್ಯ ಊದುವುದನ್ನು ನಿಲ್ಲಿಸಿದರು. "ಅಳಿಯಂದ್ರ, ಏನ್ ಮಾಡ್ಕೊಂಡ್ರೀ?"

"ಏನೂ ಇಲ್ಲ ಮಾವ. ಬಂದೂಕಿನ ಲೈಸೆನ್ಸಿಗೆ ಅರ್ಜಿ ಹಾಕಿದ್ದೆನಲ್ಲ, ಇಲ್ಲಿ ಠಾಣೆಯ ಕಾರ್ಪೊರಲ್ ವಿಚಾರಣೆ ಶುರು ಮಾಡಿದ್ದಾನೆ. ಹೆಂಡತಿ ಹತ್ರ ಮಾತಾಡದೆ ರಿಪೋರ್ಟ್ ಬರೆಯಲ್ಲ ಅಂತಾನೆ."

"ಬರೀಬ್ಯಾಡ ಅನ್ನು" ಎಂದಳು ಸುಜಾತಾ ರೊಟ್ಟಿ ತಿರುವಿಹಾಕುತ್ತಾ.

ಬೋಪಣ್ಣ ಟ್ರಿನಿಡಾಡಿಗೆ ಹೋಗಿ ಹತ್ತಿರ ಹತ್ತಿರ ಒಂದು ವರ್ಷವಾಗಿತ್ತು. ಕೊಡಗಿನ ಕಾಫಿ ತೋಟದ ಮನೆಯ ಹುಡುಗ, ಧಾರವಾಡದ ಕೃಷಿ ಕಾಲೇಜಿನಲ್ಲಿ ಓದುವಾಗ ಸುಜಾತಾಳ ಪರಿಚಯವಾಗಿ ಮದುವೆಯಾಗಿತ್ತು. ಮಿಸ್ಸಿಸಾಗಾದ ಆಹಾರ ಪ್ಯಾಕಿಂಗ್ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ಕೆಲಸ ಮಾಡುತ್ತಿದ್ದ. ಎರಡು ಸಾವಿರದ ಒಂಬತ್ತರ ಮುಗ್ಗಟ್ಟಿನಲ್ಲಿ ಕಾರ್ಖಾನೆ ಮುಚ್ಚಿತು. ಆಮೇಲೆ ಎರಡು ವರ್ಷ ಬೇಸ್‌ಮೆಂಟಿನ ಸೋಫಾದ ಮೇಲೆ ಕೂತ. ಟ್ರಿನಿಡಾಡಿನ ಗುಡ್ಡಗಳಲ್ಲಿ ಹಳೆಯ ಕೋಕೋ ತೋಟವೊಂದಕ್ಕೆ ಮ್ಯಾನೇಜರ್ ಬೇಕು ಎಂದಾಗ ಮೂರು ದಿನದಲ್ಲಿ ಪೆಟ್ಟಿಗೆ ಕಟ್ಟಿದ.

ತೋಟದ ಬಂಗಲೆ ಗುಡ್ಡದ ಮೇಲಿತ್ತು, ಸುತ್ತ ಮನೆಯಿಲ್ಲ. ಕೊಯ್ಲಿನ ಕಾಲದಲ್ಲಿ ಕೋಕೋ ಕದಿಯುವವರು ಬರುತ್ತಿದ್ದರು. ಹಿಂದಿನ ಮ್ಯಾನೇಜರು ತಲೆಗೆ ಏಟು ತಿಂದು ಕೆಲಸ ಬಿಟ್ಟಿದ್ದ. ಹಾಗಾಗಿ ಮಾಲೀಕರು ಕಡ್ಡಾಯ ಮಾಡಿದ್ದರು: ಬಂಗಲೆಯಲ್ಲಿರುವವನ ಹತ್ತಿರ ಲೈಸೆನ್ಸಿನ ಬಂದೂಕು ಇರಬೇಕು. ಪೊಲೀಸರ ರಿಪೋರ್ಟ್ ಒಳ್ಳೆಯದಾಗಿ ಬಂದರೆ ಡಿಸೆಂಬರಿಗೆ ಮುಗಿಯುವ ಕರಾರು ಮೂರು ವರ್ಷ ಮುಂದಕ್ಕೆ ಹೋಗುತ್ತದೆ. ಬರದಿದ್ದರೆ ಬೇರೆಯವನು ಬರುತ್ತಾನೆ, ಬೋಪಣ್ಣ ಮನೆಗೆ ಹಿಂತಿರುಗುತ್ತಾನೆ.

ಸುಜಾತಾಳಿಗೆ ಬೇಕಾಗಿದ್ದುದು ಆ ಕೊನೆಯದೇ.

"ಇನ್ನೊಂದು ವಿಷಯ" ಎಂದು ಬೋಪಣ್ಣ ಕಿವಿ ಕೆರೆದುಕೊಂಡ. "ಸಣ್ಣ ತೊಂದರೆ ಆಗಿದೆ."

"ಹೇಳು" ಎಂದರು ಅಕ್ಕಮ್ಮ.

"ಹಿಂದೆ ಯಾವತ್ತಾದರೂ ಬಂದೂಕು ಬಳಸಿದ್ದೀರಾ ಅಂತ ಕಾರ್ಪೊರಲ್ ಕೇಳಿದ. ಹನ್ನೆರಡನೇ ವರ್ಷದಿಂದ ಅಂದೆ. ಯಾವ ಲೈಸೆನ್ಸು ಅಂದ. ನಾವು ಕೊಡವರು, ನಮಗೆ ಲೈಸೆನ್ಸೇ ಬೇಡ ಅಂದೆ."

"ಸರಿಯಾಗೇ ಹೇಳಿದ್ದೀಯ" ಎಂದರು ಅಕ್ಕಮ್ಮ ಹೆಮ್ಮೆಯಿಂದ.

"ಸರಿಯಾಗಿ ಎಲ್ಲಿ ಅವ್ವ? ಅವನು ಪೆನ್ನು ಕೆಳಗಿಟ್ಟ. 'ಚಿಕ್ಕಂದಿನಿಂದ ಲೈಸೆನ್ಸಿಲ್ಲದೆ ಬಂದೂಕು ಇಟ್ಟುಕೊಂಡವನು ಪೊಲೀಸ್ ಠಾಣೆಗೆ ಬಂದು ಅದನ್ನ ನಗ್ತಾ ಹೇಳೋದು ನಾನು ಇದೇ ಮೊದಲು ಕೇಳ್ತಿರೋದು' ಅಂದ."

ದಿಶಾ ಟೇಬಲ್ಲಿಗೆ ತಲೆಯಿಟ್ಟು ನಕ್ಕಳು. "ಓ ಮೈ ಗಾಡ್, ಡ್ಯಾಡ್!"

ಸುಜಾತಾಳಿಗೆ ನಗು ಬರಲಿಲ್ಲ. "ಹದಿನೇಳು ವರ್ಷ ಸಂಸಾರ ಮಾಡೇನಿ, ಯಾರ ಮುಂದ ಏನ್ ಹೇಳಬೇಕು ಅನ್ನೂದು ಈ ಮನುಷ್ಯಾಗ ಇನ್ನೂ ಗೊತ್ತಾಗಿಲ್ಲ."

"ಸುಳ್ಳು ಹೇಳ್ಬೇಕಿತ್ತಾ?" ಎಂದರು ಅಕ್ಕಮ್ಮ.

"ಸುಳ್ಳು ಯಾಕ್ರೀ ಅತ್ತಿ? ನಾಕು ಮಾತು ಬಿಡಿಸಿ ಹೇಳೂದು. ಸರ್ಕಾರ ಕೊಟ್ಟ ವಿನಾಯಿತಿ ಅಂತ ಹೇಳಿದ್ರ ಆಗತಿತ್ತಿಲ್ಲ?"

"ಅದಕ್ಕೇ ನೀನು ಹೇಳು" ಎಂದ ಬೋಪಣ್ಣ ಪರದೆಯೊಳಗಿನಿಂದ. "ನಿನ್ನ ಮಾತಿನ ಮೇಲೇ ನಿಂತಿದೆ ಸುಜಾ."

"ರೊಟ್ಟಿ ಸೀದುಹೋತು" ಎಂದು ಸುಜಾತಾ ತಿರುಗಿ ನಿಂತಳು.

*

ಅಕ್ಕಮ್ಮನಿಗೆ ಎಪ್ಪತ್ತು ದಾಟಿತ್ತು. ಮಂಡಿ ನೋವೆಂದು ಮೆಟ್ಟಿಲ ಮೇಲೆ ಒಂದೊಂದೇ ಹೆಜ್ಜೆ ಇಡುತ್ತಿದ್ದವರು ಆ ಭಾನುವಾರದ ಸ್ಕೈಪ್ ಮಾತಿನ ಮೇಲೆ ಮಂಡಿಯನ್ನೇ ಮರೆತರು. ಅಂದೇ ವಿರಾಜಪೇಟೆಯ ತಮ್ಮನಿಗೆ ಫೋನ್ ಹಚ್ಚಿ, ಮಡಿಕೇರಿಗೆ ಹೋಗಿ ಮನೆತನದ ಬಂದೂಕಿನ ವಿನಾಯಿತಿ ಪತ್ರದ ನಕಲು ತೆಗೆಸಬೇಕೆಂದು ಅಪ್ಪಣೆ ಮಾಡಿದರು. ತಮ್ಮ ಮಳೆ ಎಂದ. "ಕೊಡೆ ಇಲ್ವಾ?" ಎಂದರು. ವಾರದೊಳಗೆ ಪತ್ರ ದಿಶಾಳ ಇಮೇಲಿಗೆ ಬಂತು, ಅಲ್ಲಿಂದ ಟ್ರಿನಿಡಾಡಿಗೆ ಹೋಯಿತು. ಕಾರ್ಪೊರಲ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಸರಿ. ಇನ್ನು ಹೆಂಡತಿ" ಎಂದನಂತೆ.

ಅಲ್ಲಿಂದ ಮನೆಯಲ್ಲಿ ತಾಲೀಮು ಶುರುವಾಯಿತು. ಸುಜಾತಾ ಸಂಜೆ ಆಫೀಸಿನಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ದಿಶಾ ಮರದ ಸವಟನ್ನು ಕಿವಿಗಿಟ್ಟುಕೊಂಡು ನಿಲ್ಲುತ್ತಿದ್ದಳು.

"ಹಲೋ ಮ್ಯಾಡಮ್, ಕಾರ್ಪೊರಲ್ ಸ್ಪೀಕಿಂಗ್. ಡಸ್ ಯುವರ್ ಹಸ್ಬೆಂಡ್ ಡ್ರಿಂಕ್?"

"ದಿನಾ ಒಂದು ಪೆಗ್ ಅಂತ ಹೇಳು" ಎಂದು ಅಕ್ಕಮ್ಮ ಬದಿಯಿಂದ ಹೇಳಿಕೊಡುತ್ತಿದ್ದರು. "ಕುಡಿಯೋದೇ ಇಲ್ಲ ಅಂದ್ರೆ ನಂಬಲ್ಲ."

"ಡಸ್ ಹಿ ಗೆಟ್ ಆಂಗ್ರಿ?"

"ಇಲ್ಲ ಅನ್ನು."

"ಅಜ್ಜೀ! ಡ್ಯಾಡ್ ಥ್ರೂ ದಿ ಕುಕ್ಕರ್!"

"ಕುಕ್ಕರ್ ಅಲ್ಲ ನನ್ನ ಕುಂಞಿ, ಕುಕ್ಕರಿನ ಮುಚ್ಚಳ. ಅದೂ ಯಾರ ಮೇಲೂ ಅಲ್ಲ, ಗೋಡೆಗೆ."

"ಇಬ್ಬರೂ ಸರೀರಿ, ಹೊಟ್ಟಿ ಹಸ್ತದ" ಎಂದು ಸುಜಾತಾ ಅವರ ನಡುವೆ ಹಾದು ಅಕ್ಕಿ ತೊಳೆಯಲು ಹೋಗುತ್ತಿದ್ದಳು.

ಶನಿವಾರ ಅಪ್ಪ ಮಗಳು ತರಕಾರಿಗೆ ಹೋದರು. ಇಂಡಿಯನ್ ಅಂಗಡಿಯಲ್ಲಿ ಚನ್ನಬಸಯ್ಯ ಒಂದೊಂದೇ ಬದನೆಕಾಯಿ ಹಿಂಡಿ ನೋಡಿ ಬುಟ್ಟಿಗೆ ಹಾಕುತ್ತಾ, "ಏನ್ ಹೇಳಾಕಿ ತಂಗಿ?" ಎಂದು ಕೇಳಿದರು.

"ಬ್ಯಾಡ ಅಂತೇನಿ. ಒಂದs ಮಾತು. ಹೆಂಡತಿ ಬ್ಯಾಡ ಅಂದ್ರ ಮುಗೀತಂತ ಅಲ್ಲೆ."

"ಛಲೋ ಆತು. ನಮ್ಮ ಮಂದಿ ಈಳಿಗಿ ಬಿಟ್ರ ಬ್ಯಾರೆ ಹತಾರ ಕಂಡವರಲ್ಲ. ಬಂದೂಕು ಯಾಕ ಬೇಕು?"

"ಬಂದೂಕು ಸಿಗದಿದ್ರ ಡಿಸೆಂಬರಿಗೆ ಬರತಾನ. ದಿಶಾ ಕಾಲೇಜಿಗೆ ಹೋಗೂದರಾಗ ಮನ್ಯಾಗ ಅಪ್ಪ ಅಂತ ಒಬ್ಬಾವ ಇರಬೇಕು. ಸ್ನೋ ನಾನs ತಗೀಬೇಕು, ಗಾಡಿ ಟಯರ್ ನಾನs ಬದಲಿ ಮಾಡಿಸಬೇಕು, ಪೇರೆಂಟ್ಸ್ ಮೀಟಿಂಗಿಗೂ ನಾನs. ಸಾಕಾಗೇದ ಅಪ್ಪಾ."

ಚನ್ನಬಸಯ್ಯ ತಲೆಯಾಡಿಸಿ, ಹಿಂಡಿ ನೋಡಿದ್ದರಲ್ಲಿ ಎರಡು ಬದನೆಕಾಯಿ ವಾಪಸು ಇಟ್ಟರು.

ಅಕ್ಕಮ್ಮನಿಗೆ ಯಾರೂ ಇದನ್ನು ಹೇಳಬೇಕಿರಲಿಲ್ಲ. ಮರುದಿನ ಅವರು ಗ್ಯಾರೇಜಿನಲ್ಲಿ ಪಂದಿ ಮಾಂಸ ತೊಳೆಯುತ್ತಿದ್ದರು. ಬೀಗರು ಲಿಂಗಾಯತರು, ಮಾಂಸ ಮುಟ್ಟದವರು. ಅವರು ಮನೆಯಲ್ಲಿರುವಷ್ಟು ದಿನ ಪಂದಿ ಕರಿ ಗ್ಯಾರೇಜಿನ ಕರೆಂಟ್ ಒಲೆಯ ಮೇಲೆ ಎಂದು ಅಕ್ಕಮ್ಮ ತಾವೇ ನಿಯಮ ಮಾಡಿಕೊಂಡಿದ್ದರು. ಸುಜಾತಾ ಬಟ್ಟೆ ಒಗೆಯುವ ಸಾಬೂನು ಹುಡುಕಿಕೊಂಡು ಅಲ್ಲಿಗೆ ಬಂದಳು.

"ಬೇಡ ಅಂತೀಯಲ್ಲ?" ಎಂದರು ಅಕ್ಕಮ್ಮ ತಲೆಯೆತ್ತದೆ.

"ಹೌದ್ರಿ."

"ಅವನು ಬರ್ತಾನೆ. ಬಂದು ಎಲ್ಲಿ ಕೂತ್ಕೋತಾನೆ?"

"ಅವನ ಮನ್ಯಾಗ."

"ಬೇಸ್‌ಮೆಂಟಲ್ಲಿ. ಅದೇ ಸೋಫಾ, ಅದೇ ಟೀವಿ. ಎರಡು ವರ್ಷ ನೋಡ್ಲಿಲ್ವಾ ನೀನು? ಊಟಕ್ಕೆ ಕರೆದ್ರೆ ಆಮೇಲೆ ಅಂತಿದ್ದ. ಮೀಸೆ ಕತ್ತರಿಸ್ಕೊಳ್ಳೋದೂ ಬಿಟ್ಟಿದ್ದ."

"ನಾ ಬ್ಯಾರೆ ಕೆಲಸ ಹುಡುಕಿ ಕೊಡ್ತೇನಿ."

"ಆಗ ಹುಡುಕ್ಲಿಲ್ವಾ?"

"ಅತ್ತಿ, ನಿಮಗ ಮಗಾ ಬೇಕೋ, ಮಗನ ಕೈಯಾಗ ಬಂದೂಕು ಬೇಕೋ?"

ಅಕ್ಕಮ್ಮ ಎದ್ದು ನಿಂತರು. ಅರಿಸಿನ ಮೆತ್ತಿದ ಕೈ ಗಾಳಿಯಲ್ಲೇ ಇತ್ತು. "ನನ್ನ ಮಗ ನನಗೆ ನಗ್ತಾ ಬೇಕು. ಎಲ್ಲಿದ್ರೂ ಸರಿ. ನೀನು ಅವನನ್ನ ಇಲ್ಲಿ ತಂದು ಕೂರಿಸ್ಕೊಂಡು ಏನು ಪೂಜೆ ಮಾಡ್ತೀಯಾ?"

"ನೀವು ಹಿಂಗ ಮಾತಾಡಿದ್ರ ಖರೇನs ಬ್ಯಾಡ ಅಂತೇನಿ!"

"ಹೇಳು ಹೋಗು!"

ಒಳಗಿನಿಂದ ಚನ್ನಬಸಯ್ಯನವರ ದನಿ ಬಂತು: "ಸುಜಾತಾ, ಒಲಿ ಮ್ಯಾಲೆ ಹಾಲು ಇಟ್ಟಿದ್ಯೇನು?" ಹಾಲು ಉಕ್ಕಿ ಆಗಿತ್ತು.

*

ಸೆಪ್ಟೆಂಬರ್ ಮೊದಲ ವಾರ ಕೊಡವರ ಕೈಲ್ ಮುಹೂರ್ತ, ಆಯುಧ ಪೂಜೆಯ ಹಬ್ಬ. ಲೇಬರ್ ಡೇ ರಜೆಯೂ ಅದೇ ಹೊತ್ತಿಗೆ ಬರುವುದರಿಂದ ಟೊರಾಂಟೋ ಸುತ್ತಲಿನ ಕೊಡವ ಮನೆಗಳವರು ಥಾರ್ನ್‌ಹಿಲ್‌ನ ಡಾಕ್ಟರ್ ಮಾದಪ್ಪನವರ ಜೊತೆ ಊರಾಚೆಯ ಶೂಟಿಂಗ್ ಕ್ಲಬ್ಬಿಗೆ ಹೋಗುತ್ತಿದ್ದರು. ಮಾದಪ್ಪ ನಲವತ್ತು ವರ್ಷದ ಹಿಂದೆ ಬಂದ ವೈದ್ಯರು, ಈಗ ನಿವೃತ್ತರು, ಆ ಕ್ಲಬ್ಬಿನ ಹಳೆಯ ಸದಸ್ಯರು. ಅವರ ಲೈಸೆನ್ಸು, ಅವರ ರೈಫಲ್ಲು. ಅವರ ಉಸ್ತುವಾರಿಯಲ್ಲಿ ಬೇಕಾದವರು ತೆಂಗಿನಕಾಯಿಗೆ ಗುರಿಯಿಡಬಹುದು.

"ನಾ ಬರೂದಿಲ್ಲ" ಎಂದರು ಚನ್ನಬಸಯ್ಯ.

"ಮನೇಲಿ ಒಬ್ಬರೇ ಏನು ಮಾಡ್ತೀರಿ ಬೀಗರೇ? ಮರಗಳಾದ್ರೂ ನೋಡಿ ಬನ್ನಿ" ಎಂದರು ಅಕ್ಕಮ್ಮ. ಗ್ಯಾರೇಜಿನ ಜಗಳ ಆದ ಮೇಲೆ ಅತ್ತೆ ಸೊಸೆ ನೇರವಾಗಿ ಮಾತಾಡುತ್ತಿರಲಿಲ್ಲ. ಹೇಳುವುದೆಲ್ಲ ಬೀಗರ ಮೂಲಕ, ಇಲ್ಲವೇ ದಿಶಾಳ ಮೂಲಕ ಹೋಗುತ್ತಿತ್ತು. ಕಾರಿನಲ್ಲಿ ಮುಂದೆ ಸುಜಾತಾ, ಪಕ್ಕದಲ್ಲಿ ಅಪ್ಪ, ಅಪ್ಪನ ತೊಡೆಯ ಮೇಲೆ ಬುತ್ತಿ. ಹಿಂದೆ ಅಕ್ಕಮ್ಮ, ದಿಶಾ, ನಡುವೆ ಕಡಂಬಿಟ್ಟು ಎಂಬ ಅಕ್ಕಿ ಉಂಡೆಗಳ ದೊಡ್ಡ ಡಬ್ಬಿ. ಡಿಕ್ಕಿಯಲ್ಲಿ ಪಂದಿ ಕರಿ, ಮುಚ್ಚಳಕ್ಕೆ ಎರಡು ಸುತ್ತು ಟೇಪು.

ಕ್ಲಬ್ಬಿನಲ್ಲಿ ಮೊದಲು ಪೂಜೆ. ರೈಫಲನ್ನು ಬಿಳಿ ಬಟ್ಟೆಯ ಮೇಲಿಟ್ಟು, ಗುಂಡಿಲ್ಲವೆಂದು ಮಾದಪ್ಪ ತೆರೆದು ತೋರಿಸಿದರು. ಪಕ್ಕದಲ್ಲಿ ನಿಂತ ಇನ್ನಿಬ್ಬರೂ ಇಣುಕಿ ನೋಡಿ ಹೌದೆಂದರು. ಅಕ್ಕಮ್ಮ ಹಿತ್ತಲಿನಿಂದ ತಂದ ಚೆಂಡುಹೂವನ್ನು ನಳಿಗೆಯ ಬಾಯಿಗೆ ಸಿಕ್ಕಿಸಿದರು. "ಊರಲ್ಲಾದ್ರೆ ಇದಕ್ಕೇ ಅಂತ ಕಾಡಲ್ಲಿ ಕೆಂಪು ಹೂ ಬಿಡುತ್ತೆ. ಇಲ್ಲಿ ಇದೇ ಗತಿ" ಎಂದು ಬೀಗರಿಗೆ ಹೇಳಿದರು. ಪೂಜೆ ಮುಗಿಯುವವರೆಗೆ ಯಾರೂ ಅದನ್ನು ಮುಟ್ಟಲಿಲ್ಲ. ಬಿಯರ್ ಡಬ್ಬಿಗಳಿದ್ದ ಪೆಟ್ಟಿಗೆಗೆ ಮಾದಪ್ಪ ಬೀಗ ಹಾಕಿ ಬೀಗದಕೈ ಜೇಬಿಗಿಳಿಸಿದರು. ಗುರಿಯಾಟ ಮುಗಿದು ರೈಫಲು ಪೆಟ್ಟಿಗೆ ಸೇರುವ ತನಕ ಅದು ತೆರೆಯುವುದಿಲ್ಲ.

ಚನ್ನಬಸಯ್ಯ ಎಲ್ಲವನ್ನೂ ಕೈ ಹಿಂದೆ ಕಟ್ಟಿಕೊಂಡು ನೋಡುತ್ತಿದ್ದರು.

ಮಣ್ಣಿನ ದಿಬ್ಬದ ಮುಂದೆ ತಂತಿಗೆ ತೆಂಗಿನಕಾಯಿ ಕಟ್ಟಿದ್ದರು. ಒಬ್ಬೊಬ್ಬರಿಗೂ ಎರಡು ಗುಂಡು. ಮೊದಲು ಹಿರಿಯರು. ಅಕ್ಕಮ್ಮ ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಸೆರಗು ಬಿಗಿದು ಕೂತರು. ಎರಡೂ ತಪ್ಪಿದವು. "ಕಣ್ಣಲ್ಲಿ ಪೊರೆ" ಎಂದು ಎದ್ದರು. "ನನ್ನ ಮದುವೆ ವರ್ಷ ಊರಿನ ಗಂಡಸರನ್ನೆಲ್ಲ ಸೋಲಿಸಿದ್ದೆ." ಹುಡುಗರೂ ತಪ್ಪಿದರು. ದಿಶಾಳ ಗುಂಡು ತಂತಿಗೆ ತಾಗಿ ಕಾಯಿ ಗಿರಗಿರ ತಿರುಗಿತು, ಅವಳು ಕುಣಿದಾಡಿದಳು. ಸುಜಾತಾ ಮುಟ್ಟಲೊಲ್ಲೆ ಎಂದಳು.

"ಬೀಗರೇ, ನೀವು?" ಎಂದರು ಅಕ್ಕಮ್ಮ.

"ಏ, ಎಲ್ಲ್ಯಾರ ಉಂಟೇನ್ರೀ ಬೀಗತೇರ!"

"ಹೆದರಿಕೆ ಆದ್ರೆ ಬೇಡ ಬಿಡಿ."

ಅಷ್ಟು ಜನರ ಮುಂದೆ ಆ ಮಾತು ಕೇಳಿದ ಮೇಲೆ ಚನ್ನಬಸಯ್ಯ ಟೋಪಿ ತೆಗೆದು ಮಗಳ ಕೈಗೆ ಕೊಟ್ಟರು. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಅಂಗಿಯೊಳಗೆ ಸರಿಸಿಕೊಂಡರು. ಮಾದಪ್ಪ ಪಕ್ಕದಲ್ಲಿ ಕೂತು, ಹೇಗೆ ಭುಜಕ್ಕೆ ಒತ್ತಬೇಕು, ಯಾವಾಗ ಬೆರಳಿಡಬೇಕು ಎಂದು ನಿಧಾನಕ್ಕೆ ಹೇಳಿಕೊಟ್ಟರು. ಚನ್ನಬಸಯ್ಯ ಉಸಿರು ಹಿಡಿದರು. ಢಂ ಎಂದಿತು. ತೆಂಗಿನಕಾಯಿಯಿಂದ ನೀರು ಧಾರೆಯಾಗಿ ಸುರಿಯತೊಡಗಿತು.

ಒಂದು ಗಳಿಗೆ ಯಾರಿಗೂ ನಂಬಿಕೆ ಬರಲಿಲ್ಲ. ಆಮೇಲೆ ಎದ್ದ ಕೂಗಿಗೆ ಪಕ್ಕದ ಸಾಲಿನ ಕೆನಡಿಯನ್ನರೂ ತಿರುಗಿ ನೋಡಿ ಚಪ್ಪಾಳೆ ತಟ್ಟಿದರು.

"ನಾ ಹೊಡದಿಲ್ಲ!" ಎಂದು ಚನ್ನಬಸಯ್ಯ ಗಾಬರಿಯಿಂದ ಸುತ್ತ ನೋಡಿದರು. "ಖರೇ ಹೇಳ್ತೇನಿ, ನಾ ಬರೇ ಹಿಡ್ಕೊಂಡಿದ್ದೆ!"

"ಅಜ್ಜಾ, ಯು ಆರ್ ಎ ಸ್ನೈಪರ್!" ದಿಶಾ ಅವರ ಸೊಂಟ ಹಿಡಿದು ತಿರುಗಿಸಿದಳು.

ಅಕ್ಕಮ್ಮ ನಗುವ ರಭಸಕ್ಕೆ ಸುಜಾತಾಳ ಭುಜ ಹಿಡಿದುಕೊಂಡರು. ಹಿಡಿದಿದ್ದು ಯಾರ ಭುಜ ಎಂದು ಗೊತ್ತಾದ ಮೇಲೂ ಬಿಡಲಿಲ್ಲ. ಸುಜಾತಾಳೂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು.

ಗೆದ್ದವರಿಗೆ ಕಾಯಿ. ಚನ್ನಬಸಯ್ಯ ಅದನ್ನು ಮೆಡೋವೇಲಿನವರೆಗೆ ತೊಡೆಯ ಮೇಲಿಟ್ಟುಕೊಂಡು ಬಂದರು. "ನಾಳೆ ಇದರದ್ದs ಹೋಳಿಗಿ" ಎಂದರು.

"ತೋಕು ಹಿಡಿದದ್ದಾಯ್ತು, ಇನ್ನು ಪಂದಿ ಒಂದೇ ಬಾಕಿ" ಎಂದರು ಹಿಂದಿನಿಂದ ಅಕ್ಕಮ್ಮ. ಬಂದೂಕಿಗೆ ಅವರು ತೋಕು ಎನ್ನುತ್ತಿದ್ದರು.

"ಶಿವಾ ಶಿವಾ! ಅದೊಂದು ಬಿಟ್ಟು ಮಾತಾಡ್ರಿ ಬೀಗತೇರ!"

*

ಹೋಳಿಗೆ ತಿನ್ನುವಾಗಲೇ ಸುಜಾತಾಳಿಗೆ ಗೊತ್ತಾಯಿತು, ಅಪ್ಪ ಕೈ ಬಿಟ್ಟರೆಂದು.

"ಅಳಿಯಂದ್ರಿಗೆ ಒಂದು ಇರಲಿ ಬಿಡು" ಎಂದರು ತುಪ್ಪ ಹಾಕಿಸಿಕೊಳ್ಳುತ್ತಾ. "ಆ ಡಾಕ್ಟರ ಎಷ್ಟ್ ಸರತೆ ತೆರದು ನೋಡಿದ್ರು, ಲೆಕ್ಕಿಲ್ಲ. ನಮ್ಮ ಮಂದಿ ಗ್ಯಾಸ್ ಸಿಲಿಂಡರನ್ನೂ ಅಷ್ಟು ನೋಡೂದಿಲ್ಲ."

"ಅಪ್ಪಾ, ಒಂದು ತೆಂಗಿನಕಾಯಿ ಹೊಡದು ಪಾರ್ಟಿ ಬದಲಿ ಮಾಡಿದ್ಯಾ? ಯಾರ ಕಡೆ ನೀ?"

"ನಿನ್ನ ಕಡೀನs. ಅದಕ್ಕs ಹೇಳ್ತೇನಿ. ನೀ ಬಂದೂಕಿಗೆ ಅಂಜಿಲ್ಲ. ಅಂವ ಅಲ್ಲೇ ಬೇರು ಬಿಡ್ತಾನ ಅಂತ ಅಂಜೀದಿ. ಆ ಸಿಟ್ಟು ಆ ಪೊಲೀಸನ ಮುಂದ ಯಾಕ?"

ಸುಜಾತಾ ಹೋಳಿಗೆಯ ಹಂಚು ತೊಳೆಯಲು ಹೋದಳು.

ಆ ವಾರ ಬೋಪಣ್ಣ ಮೂರು ಸಲ ಸ್ಕೈಪಿಗೆ ಬಂದ. ಒಂದು ದಿನ ಪರದೆಯಲ್ಲಿ ಮುಖದ ಬದಲು ಅವನ ಕಾಲು ಕಾಣಿಸಿತು. ಹಿಮ್ಮಡಿಯಿಂದ ಮೊಣಕಾಲಿನವರೆಗೆ ಕಂದುಬಣ್ಣ.

"ಏನದು, ಕೆಸರಾ?" ಎಂದಳು ಸುಜಾತಾ.

"ಕೋಕೋ! ಒಣಗಿದ ಬೀಜದ ಮೇಲೆ ಬರಿಗಾಲಲ್ಲಿ ಕುಣೀತಾರೆ ಇಲ್ಲಿ, ಹೊಳಪು ಬರಲಿ ಅಂತ. ಕೆಲಸದವರ ಜೊತೆ ನಾನೂ ಕುಣಿದೆ. ಹಾಡು ಬೇರೆ. ಈ ವಾಸನೆ ಕಳಿಸೋಕ್ಕೆ ಆಗಲ್ವಲ್ಲ ಸುಜಾ!" ದನಿ ಎಷ್ಟು ಜೋರಾಗಿತ್ತೆಂದರೆ ದಿಶಾ ಸ್ಪೀಕರ್ ತಗ್ಗಿಸಿದಳು. ಮೀಸೆ ಒಪ್ಪವಾಗಿ ಕತ್ತರಿಸಿತ್ತು. ಆಮೇಲೆ ಅವನೊಂದು ಎಲೆಯನ್ನು ಕ್ಯಾಮೆರಾಗೆ ಹಿಡಿದ. "ಕೆಳಗಿನ ಬ್ಲಾಕಿನಲ್ಲಿ ಹೀಗಾಗ್ತಿದೆ. ರೋಗ ಅಂತಿದ್ದಾರೆ."

"ಹಂತೇಕ ಹಿಡಿ" ಎಂದಳು ಸುಜಾತಾ, ಒದ್ದೆ ಕೈ ಒರೆಸಿಕೊಂಡು ಬಂದು. "ನರ ಹಸರ ಅವ, ನಡುವ ಹಳದಿ ಆಗೇದ. ಹಳೇ ಎಲಿಯೋ ಹೊಸಾದೋ?"

"ಹಳೇದು."

"ರೋಗ ಅಲ್ಲೋ ಮಾರಾಯಾ, ಮ್ಯಾಗ್ನೀಷಿಯಂ ಕಡಿಮಿ ಆಗೇದ. ಮಣ್ಣು ಪರೀಕ್ಷಾ ಮಾಡ್ಸೀರೇನು? ಇಳಿಜಾರಿನಾಗ ಮಳಿ ನೀರು ಎತ್ತಾಗ ಹೋಗ್ತದ?"

ಇಬ್ಬರೂ ಗಂಟೆಗಟ್ಟಲೆ ಮಾತಾಡಿದರು. ಅವಳೂ ಮಣ್ಣು ವಿಜ್ಞಾನದ ಎಂಎಸ್ಸಿ. ಈ ದೇಶಕ್ಕೆ ಬಂದಂದಿನಿಂದ ಮೆಡೋವೇಲಿನ ಬಿಸಿನೆಸ್ ಪಾರ್ಕಿನ ಒಂದು ಆಫೀಸಿನಲ್ಲಿ ಬೇರೆಯವರ ಸಂಬಳದ ಲೆಕ್ಕ ಮಾಡುತ್ತಿದ್ದಳು. ಸಾರು ಆರಿ ತಣ್ಣಗಾಯಿತು. ಅಕ್ಕಮ್ಮ ಬಂದು ನೋಡಿ ಅದನ್ನು ಮತ್ತೆ ಬಿಸಿಗಿಟ್ಟರು.

*

ಫೋನ್ ಬಂದಾಗ ಎಲ್ಲರೂ ಊಟಕ್ಕೆ ಕೂತಿದ್ದರು. ಅಕ್ಟೋಬರ್ ಶುರುವಾಗಿತ್ತು; ಮನೆಯಲ್ಲಿ ಹೀಟರ್ ಹಚ್ಚುವುದೋ ಬೇಡವೋ ಎಂದು ಬೀಗರ ನಡುವೆ ವಾದ ನಡೆದಿತ್ತು. ದಿಶಾ ಪರದೆಯ ಮೇಲಿನ ನಂಬರು ನೋಡಿ ಚೀರಿದಳು. "ಇಟ್ಸ್ ಹಿಮ್!"

ಅಕ್ಕಮ್ಮ ಎಡಗೈಯಿಂದ ಟೀವಿ ಆರಿಸಿದರು. ಚನ್ನಬಸಯ್ಯ ಮಜ್ಜಿಗೆ ಲೋಟ ಸದ್ದಾಗದಂತೆ ಇಟ್ಟರು. ಸುಜಾತಾ ಬಾಯಿಯ ತುತ್ತು ನುಂಗಿ ಫೋನ್ ಎತ್ತಿದಳು. ದಿಶಾ ಕೈ ಚಾಚಿ ಸ್ಪೀಕರ್ ಒತ್ತಿಬಿಟ್ಟಳು.

"ಗುಡ್ ಈವ್ನಿಂಗ್ ಮ್ಯಾಡಮ್, ಕಾರ್ಪೊರಲ್ ಬೂಡ್ರಾಮ್." ದನಿ ನಿಧಾನ, ಹಾಡಿನ ಹಾಗೆ ಏಳುಬೀಳು. ಇಂಗ್ಲಿಷಿನಲ್ಲಿ ಮಾತು ನಡೆಯಿತು.

"ನಿಮ್ಮ ಗಂಡನ ಕಡೆಯವರಿಗೆ ಬಂದೂಕಿಗೆ ಲೈಸೆನ್ಸು ಬೇಡವಂತೆ. ನಿಜವೇ?"

"ನಿಜ. ಆ ಒಂದು ಜಿಲ್ಲೆಯಲ್ಲಿ ಮಾತ್ರ. ಸರ್ಕಾರವೇ ಕೊಟ್ಟ ವಿನಾಯಿತಿ. ಪತ್ರ ಕಳಿಸಿದ್ದಾರಲ್ಲ. ನಾನು ಆ ಜನ ಅಲ್ಲ, ನಮ್ಮ ಮನೆಯಲ್ಲಿ ಮಾಂಸ ಕೂಡ ಮುಟ್ಟುವುದಿಲ್ಲ. ಆದರೆ ಮದುವೆಯಾದಾಗಿನಿಂದ ನೋಡಿದ್ದೇನೆ. ಅವರು ಕುಡಿದು ಬಂದೂಕು ಮುಟ್ಟುವುದಿಲ್ಲ, ಆಟಕ್ಕೂ ಮನುಷ್ಯರ ಕಡೆ ತಿರುಗಿಸುವುದಿಲ್ಲ."

ಅಕ್ಕಮ್ಮ ದಿಶಾಳ ಕೈ ಹಿಸುಕಿದರು.

"ನಿಮ್ಮ ಗಂಡನಿಗೆ ಸಿಟ್ಟು?"

"ಬರುತ್ತದೆ."

"ಏನು ಮಾಡುತ್ತಾರೆ?"

"ಒಮ್ಮೆ ಕುಕ್ಕರಿನ ಮುಚ್ಚಳ ಗೋಡೆಗೆ ಎಸೆದಿದ್ದರು. ಕೆಲಸವಿಲ್ಲದೆ ಮನೆಯಲ್ಲಿದ್ದ ಕಾಲ. ನನ್ನ ಮೇಲಾಗಲಿ ಮಗಳ ಮೇಲಾಗಲಿ ಯಾವತ್ತೂ ಕೈ ಮಾಡಿಲ್ಲ."

ಅಕ್ಕಮ್ಮ ಕಣ್ಣು ಮುಚ್ಚಿದರು. ಆ ಕಡೆಯಿಂದ ಪೆನ್ನು ಓಡುವ ಸದ್ದು.

"ಮುಚ್ಚುಮರೆ ಇಲ್ಲದೆ ಹೇಳಿದಿರಿ, ಸಂತೋಷ. ಈಗ ನನ್ನ ಚಿಂತೆ ಹೇಳುತ್ತೇನೆ ಮ್ಯಾಡಮ್. ನಾನು ಆ ಬಂಗಲೆ ನೋಡಿ ಬಂದೆ. ಕಬ್ಬಿಣದ ಪೆಟ್ಟಿಗೆ ಗೋಡೆಗೆ ಹೂತಿದ್ದಾರೆ, ಬೀಗ ಚೆನ್ನಾಗಿದೆ. ಕೆಲಸದವರು ಒಳ್ಳೆಯದನ್ನೇ ಹೇಳುತ್ತಾರೆ. ಆದರೆ ಒಂಟಿ ಗಂಡಸು, ಗುಡ್ಡದ ಮೇಲೆ, ಹೆಂಡತಿ ಮಕ್ಕಳು ದೂರದೇಶದಲ್ಲಿ. ಅಂಥ ಮನೆಗೆ ಬಂದೂಕು ಬರೆದುಕೊಡಲು ನನಗೆ ಮನಸ್ಸಾಗುವುದಿಲ್ಲ. ಇಪ್ಪತ್ತು ವರ್ಷದ ನೌಕರಿಯಲ್ಲಿ ಕೆಲವು ಸಂಗತಿ ನೋಡಿದ್ದೇನೆ. ಕೇಳುವುದು ಇಷ್ಟೇ: ಅವರು ಮುಂದೆಯೂ ಒಂಟಿಯಾಗಿಯೇ ಇರುತ್ತಾರೆಯೇ?"

ಬೇಡ ಎಂದು ಹೇಳುವ ಕೆಲಸವೂ ಈಗ ಸುಜಾತಾಳಿಗಿರಲಿಲ್ಲ. ಹೌದು, ಒಂಟಿ ಎಂದರೆ ಸಾಕು. ಅದು ಸುಳ್ಳೂ ಅಲ್ಲ, ಅತ್ತೆ ಅದಕ್ಕೆ ಜಗಳ ತೆಗೆಯುವಂತೆಯೂ ಇಲ್ಲ. ಡಿಸೆಂಬರಿಗೆ ಬೋಪಣ್ಣ ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ ಇಳಿದಿರುತ್ತಾನೆ.

ಅವಳು ಅತ್ತೆಯನ್ನು ನೋಡಿದಳು. ಅಕ್ಕಮ್ಮ ಕಣ್ಣು ತೆರೆದಿದ್ದರು, ಆದರೆ ಸೊಸೆಯ ಕಡೆ ನೋಡದೆ ತಟ್ಟೆಯನ್ನೇ ನೋಡುತ್ತಿದ್ದರು. ಹೇಳಿಕೊಡಲು ಬಾಯಿ ತೆರೆಯಲಿಲ್ಲ.

ಸುಜಾತಾ ಫೋನಿನ ಮೇಲೆ ಅಂಗೈ ಮುಚ್ಚಿದಳು. "ದಿಶಾ, ನಿನ್ನ ಸೆಮಿಸ್ಟರ್ ಯಾವಾಗ ಮುಗೀತದ?"

"ಎಂಡ್ ಆಫ್ ಜಾನ್ಯುವರಿ. ವೈ?" ಎಂದಳು ದಿಶಾ. ಆಮೇಲೆ ಅವಳ ಬಾಯಿ ತೆರೆದೇ ಉಳಿಯಿತು. "ವೇಯ್ಟ್. ಫಾರ್ ರಿಯಲ್? ಫಾರ್ ಹೌ ಲಾಂಗ್?"

"ಒಂದು ವರ್ಷ ನೋಡೂಣು. ಸೇರದಿದ್ರ ವಾಪಸ್. ಬರತೀಯೋ ಇಲ್ಲೋ?"

"ಬೀಚ್ ಇದೆಯಾ?"

"ಐಲ್ಯಾಂಡು ಅದು, ಹುಚ್ಚಿ!"

ದಿಶಾ ಎರಡೂ ಹೆಬ್ಬೆರಳು ಎತ್ತಿದಳು. ಸುಜಾತಾ ಅಂಗೈ ತೆಗೆದಳು.

"ಕಾರ್ಪೊರಲ್, ಈಗ ಕೊಡಬೇಡಿ" ಎಂದಳು.

ಅಕ್ಕಮ್ಮನ ಕೈಯಿಂದ ಚಮಚ ಬಿತ್ತು.

"ಜನವರಿ ಕೊನೆಗೆ ನಾನು, ಮಗಳು, ಅತ್ತೆ ಅಲ್ಲಿಗೆ ಬರುತ್ತೇವೆ. ಆಗ ಅದು ಒಂಟಿ ಗಂಡಸಿನ ಮನೆಯಲ್ಲ. ನೀವು ಇನ್ನೊಮ್ಮೆ ಬಂದು ನೋಡಿ. ಪೆಟ್ಟಿಗೆಯ ಎರಡನೇ ಬೀಗದಕೈ ನನ್ನ ಹತ್ತಿರ ಇರಬೇಕು, ಹಾಗೆಂದು ಬರೆದುಕೊಳ್ಳಿ. ಆಮೇಲೆ ಕೊಟ್ಟರೆ ನನ್ನ ಅಭ್ಯಂತರವಿಲ್ಲ."

ಆ ಕಡೆ ನಗು ಕೇಳಿಸಿತು. "ಮ್ಯಾಡಮ್, ನಮ್ಮ ದ್ವೀಪದಲ್ಲಿ ಕಾಗದ ಪತ್ರ ಓಡುವ ವೇಗಕ್ಕೆ ಜನವರಿಯೇ ಬೇಗ ಆಯಿತು. ಮನೆಯವರು ಬಂದು ಸೇರುತ್ತಾರೆ, ಹೆಂಡತಿಯ ಒಪ್ಪಿಗೆ ಇದೆ ಎಂದು ನಾಳೆಯೇ ಬರೆಯುತ್ತೇನೆ. ಮಾಲೀಕರಿಗೂ ಅಷ್ಟು ಸಾಕು. ಬಂದ ಮೇಲೆ ಒಂದು ಕಪ್ ಕೋಕೋ ಕೊಡಿ."

ಫೋನ್ ಇಟ್ಟದ್ದೇ ತಡ, ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು.

"ನನ್ನನ್ನ ಒಂದು ಮಾತು ಕೇಳ್ದೆ ನನ್ನ ಹೆಸರೂ ಸೇರಿಸ್ಬಿಟ್ಟೆಯಲ್ಲ!" ಎಂದರು ಅಕ್ಕಮ್ಮ.

"ನೀವು ಬರೂದಿಲ್ಲೇನು ಅತ್ತಿ?"

"ಬರಲ್ಲ ಅಂತ ಯಾರು ಹೇಳಿದ್ರು? ಕೇಳ್ಬೇಕಿತ್ತು ಅಂದೆ, ಅಷ್ಟೇ. ಅಲ್ಲಿ ಪಂದಿ ಸಿಗುತ್ತಾ?"

"ಈ ಮನಿ?" ಎಂದರು ಚನ್ನಬಸಯ್ಯ.

"ಬಾಡಿಗಿಗೆ ಕೊಡೂದು. ಆಫೀಸಿನಾಗ ವರ್ಷದ ರಜಾ ಕೇಳ್ತೇನಿ. ಕೊಡದಿದ್ರ ಬಿಡೂದು."

"ಯವ್ವಾ, ಭಾಳ ಲಗೂನ ಆತಲ್ಲ."

"ಒಂದು ವರ್ಷದಿಂದ ಭಾಳ ತಡಾ ಆಗೇದ ಅಪ್ಪಾ."

ಅಷ್ಟರಲ್ಲಿ ಲ್ಯಾಪ್‌ಟಾಪು ಗುನುಗತೊಡಗಿತು. ಬೋಪಣ್ಣ. ಮುಖ ಬೆವರಿತ್ತು, ಹಿಂದೆ ಮರಗಳ ನಡುವೆ ಬೆಳಕು ಕಂದುತ್ತಿತ್ತು.

"ಕಾರ್ಪೊರಲ್ ಫೋನ್ ಮಾಡಿದ್ದ ಅಲ್ವಾ? ಏನು ಹೇಳಿದೆ ಸುಜಾ?"

"ಖರೇ ಹೇಳ್ದೆ. ಮುಚ್ಚಳ ಒಗದದ್ದೂ ಹೇಳ್ದೆ."

"ಅಯ್ಯೋ! ಮುಗೀತು."

"ಈಗs ಕೊಡಬ್ಯಾಡಂತ ಹೇಳ್ದೆ."

ಬೋಪಣ್ಣ ಮೀಸೆ ಸವರಿಕೊಂಡ. "ಸರಿ" ಎಂದ. "ಸರಿ ಬಿಡು. ಡಿಸೆಂಬರಿಗೆ ಬರ್ತೀನಿ."

"ನೀ ಯಾಕ ಬರತೀ? ಜನವರಿ ಕೊನಿಗೆ ನಾವು ಬರತೇವಿ. ಮೂರು ಮಂದಿ. ನಿನ್ನ ಮಾಲಕರಿಗೆ ಹೇಳು, ಬರೂ ಮೂವರಾಗ ಒಬ್ಬಾಕಿ ಮಣ್ಣು ಓದಿದಾಕಿ ಇದ್ದಾಳ, ಆಕಿ ಪುಕ್ಕಟೆ ಕೆಲಸ ಮಾಡೂದಿಲ್ಲ."

ಪರದೆಯಲ್ಲಿ ಬೋಪಣ್ಣ ಅಲುಗಾಡದೆ ನಿಂತ. ನೆಟ್‌ವರ್ಕ್ ಸಿಕ್ಕಿಹಾಕಿಕೊಂಡಿತೆಂದು ದಿಶಾ ಕೀಲಿ ಒತ್ತಹೋದಳು. ಸಿಕ್ಕಿಹಾಕಿಕೊಂಡಿರಲಿಲ್ಲ. ಅವನು ತಟ್ಟನೆ ತಿರುಗಿ, ಗುಡ್ಡದ ಕೆಳಗೆ ಯಾರಿಗೋ ಗಂಟಲು ಕಿತ್ತುಹೋಗುವಂತೆ ಕೂಗಿದ: "ಮೈ ಫ್ಯಾಮಿಲಿ ಈಸ್ ಕಮಿಂಗ್!" ಕೆಳಗಿನಿಂದ ಮೂರು ನಾಲ್ಕು ದನಿ ವಾಪಸು ಕೂಗಿದವು. ನಾಯಿ ಬೊಗಳಿತು.

ಚನ್ನಬಸಯ್ಯ ಕಣ್ಣೊರೆಸಿಕೊಂಡು, ಹೀಟರಿನ ಗುಂಡಿ ಸ್ವಲ್ಪ ಏರಿಸಿದರು. ಈ ಸಲ ಬೀಗತಿ ಬೇಡವೆನ್ನಲಿಲ್ಲ. ಅವರು ಲ್ಯಾಪ್‌ಟಾಪನ್ನೇ ತಮ್ಮ ಕಡೆ ತಿರುಗಿಸಿಕೊಂಡಿದ್ದರು.

"ಬೋಪು, ಕೂಗಿದ್ದು ಸಾಕು, ಇಲ್ಲಿ ಕೇಳು" ಎಂದರು. "ತೋಕು ಯಾವಾಗ ಬರುತ್ತೋ ಬರ್ಲಿ. ನೀನು ಮೊದಲು ಇನ್ನೆರಡು ಮಂಚ ಹಾಕ್ಸು."